ತಲೆಗೆ ಪೆಟ್ಟಾಗಿ ದುಡಿಮೆ ನಿಂತಿದೆ, ಕೈಕಾಲು ಸರಿಯಿದೆ: ಪರಿಹಾರದ ಅರ್ಜಿ ಹೇಗೆ ಹಾಕಬೇಕು?

ಪ್ರಶ್ನೆ: ಪಾಂಡವಪುರ ಕಡೆಯ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ 38 ವರ್ಷ. ಮಂಡ್ಯ ಪೇಟೆಯಲ್ಲಿ ಪುಟ್ಟದೊಂದು ಅಂಗಡಿ ಇಟ್ಟುಕೊಂಡು ರೈತರ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದರು. ಸಂಕ್ರಾಂತಿ ಕಳೆದ ವಾರ, ರಾತ್ರಿ ಅಂಗಡಿ ಮುಚ್ಚಿಕೊಂಡು ಬೈಕಿನಲ್ಲಿ ಊರಿಗೆ ಬರುವಾಗ ಅಪಘಾತವಾಯಿತು. ಕಬ್ಬು ತುಂಬಿದ ಟ್ರಾಕ್ಟರ್ ಮತ್ತು ಟ್ರೈಲರನ್ನು ಚಾಲಕ ರಸ್ತೆಯ ಮೇಲೇ ನಿಲ್ಲಿಸಿ ಹೋಗಿದ್ದ. ಹಿಂದೆ ದೀಪವಾಗಲಿ, ರಿಫ್ಲೆಕ್ಟರ್ ಪಟ್ಟಿಯಾಗಲಿ, ಜನ ಸಾಮಾನ್ಯವಾಗಿ ಎಚ್ಚರಿಕೆಗೆಂದು ಇಡುವ ಒಂದು ಸೊಪ್ಪಿನ ಕೊಂಬೆಯಾಗಲಿ ಇರಲಿಲ್ಲ. ನಮ್ಮವರು ನೇರವಾಗಿ ಟ್ರೈಲರಿನ ಹಿಂಬದಿಗೆ ಹೊಡೆದರು. ತಲೆಯ ಮೇಲಿದ್ದ ಅರ್ಧ ಹೆಲ್ಮೆಟ್ ಹಾರಿಹೋಗಿತ್ತು.

ಮೊದಲು ಕರೆದೊಯ್ದ ಆಸ್ಪತ್ರೆಯಲ್ಲಿ ಹಣೆಯ ಗಾಯಕ್ಕೆ ಹೊಲಿಗೆ ಹಾಕಿದರು. ಬೆಳಗಾಗುವಷ್ಟರಲ್ಲಿ ವಾಂತಿ ಆರಂಭವಾಗಿ ಮಾತು ತಡವರಿಸತೊಡಗಿದ್ದರಿಂದ ಮೈಸೂರಿಗೆ ಸಾಗಿಸಿದೆವು. ಅಲ್ಲಿ ಸಿಟಿ ಸ್ಕ್ಯಾನ್ ಮಾಡಿ, ಮೆದುಳಿನ ಮುಂಭಾಗದಲ್ಲೂ ಎಡಪಕ್ಕದಲ್ಲೂ ರಕ್ತ ಹೆಪ್ಪುಗಟ್ಟಿದೆ ಎಂದು ಐಸಿಯುನಲ್ಲಿ ಇಟ್ಟರು. ಆಪರೇಷನ್ ಆಗಲಿಲ್ಲ. ಆದರೂ ಖರ್ಚು ನಾಲ್ಕು ಲಕ್ಷ ದಾಟಿತು.

ಈಗ ಅವರನ್ನು ನೋಡಿದವರೆಲ್ಲ "ಚೆನ್ನಾಗಿದ್ದಾರಲ್ಲ" ಎನ್ನುತ್ತಾರೆ. ನಡೆಯುತ್ತಾರೆ, ಊಟ ಮಾಡುತ್ತಾರೆ, ಬಂದವರನ್ನು ಗುರುತಿಸಿ ಮಾತನಾಡಿಸುತ್ತಾರೆ. ಆದರೆ ಅಂಗಡಿಯಲ್ಲಿ ಕುಳಿತು ತಾಮ್ರದ ತಂತಿ ಸುತ್ತತೊಡಗಿದರೆ ಸ್ವಲ್ಪ ಹೊತ್ತಿಗೇ ಎಣಿಕೆ ತಪ್ಪುತ್ತದೆ. ಬಿಚ್ಚಿ ಮತ್ತೆ ಸುತ್ತುತ್ತಾರೆ, ಮತ್ತೆ ತಪ್ಪುತ್ತದೆ, ಕೊನೆಗೆ ಕೈಯಲ್ಲಿರುವುದನ್ನು ಬಿಸಾಡುತ್ತಾರೆ. ಯಾವ ಸ್ಲಾಟಿಗೆ ಯಾವ ಕಾಯಿಲ್ ಎಂಬುದನ್ನು ತಾವೇ ಬರೆದಿಟ್ಟ ಪುಸ್ತಕ ನೋಡಿದರೂ ಅವರಿಗೆ ಹೊಂದಿಸಲಾಗುತ್ತಿಲ್ಲ. ಒಲೆಯ ಮೇಲೆ ಹಾಲು ಸೀದು ಹೊಗೆ ತುಂಬಿದರೂ ಪಕ್ಕದಲ್ಲೇ ಕುಳಿತವರಿಗೆ ವಾಸನೆ ತಿಳಿಯುವುದಿಲ್ಲ. ಮಕ್ಕಳ ಮೇಲೆ ಎಂದೂ ಕೈ ಎತ್ತದವರು ಈಗ ಸಣ್ಣ ಸದ್ದಿಗೂ ಸಿಡಿದೇಳುತ್ತಾರೆ.

ಟ್ರಾಕ್ಟರ್ ಚಾಲಕನ ಮೇಲೆ ಎಫ್‌ಐಆರ್ ಆಗಿದೆ. ನಾವಿನ್ನೂ ಪರಿಹಾರಕ್ಕೆ ಅರ್ಜಿ ಹಾಕಿಲ್ಲ. ಸರ್ಟಿಫಿಕೇಟ್ ಬರೆದರೆ ಮೂವತ್ತು, ಮೂವತ್ತೈದು ಪರ್ಸೆಂಟ್ ಬರಬಹುದು ಎಂದು ಒಬ್ಬ ವೈದ್ಯರು ಹೇಳಿದರು. ಅಷ್ಟಕ್ಕೆ ಕೋರ್ಟಿನಲ್ಲಿ ಏನು ಸಿಗುತ್ತದೆ? ಸಂಬಳದ ಚೀಟಿ ಇಲ್ಲದವರಿಗೆ ಆದಾಯವನ್ನು ಹೇಗೆ ಲೆಕ್ಕ ಹಾಕುತ್ತಾರೆ? ಹಿಂದಿನಿಂದ ಹೋಗಿ ಹೊಡೆದದ್ದು ನಮ್ಮವರೇ ಆದ್ದರಿಂದ ಏನೂ ಬರುವುದಿಲ್ಲ ಎಂದು ಕೆಲವರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಉತ್ತರ: ವಕೀಲರು, ಮೈಸೂರು

ಅಮ್ಮ, ಮೊದಲು ಅವಧಿಯ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಉಳಿದದ್ದನ್ನೆಲ್ಲ ನಿಧಾನವಾಗಿ ಸರಿಪಡಿಸಿಕೊಳ್ಳಬಹುದು, ಇದನ್ನು ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, 2022ರ ಏಪ್ರಿಲ್ 1ರಿಂದ, ಕಲಂ 166ರ ಕೆಳಗಿನ ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು. ಈ ಮಿತಿಯ ಸಿಂಧುತ್ವ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ, ನಿಜ. ಆದರೆ ಅದನ್ನು ನಂಬಿಕೊಂಡು ಕೂರುವುದು ಬೇಡ. ಸಂಕ್ರಾಂತಿಯ ಅಪಘಾತವೆಂದರೆ ನಿಮಗಿರುವ ಕಾಲ ಆಷಾಢದವರೆಗೆ ಅಷ್ಟೇ. ವೈಕಲ್ಯದ ಪ್ರಮಾಣಪತ್ರ ಬಂದ ಮೇಲೆ ಅರ್ಜಿ ಹಾಕೋಣ ಎಂದು ಕಾಯುವವರು ಬಹಳ ಜನ. ಕಾಯಬೇಕಾಗಿಲ್ಲ. ಅರ್ಜಿ ಈಗ ಹಾಕಿ. ಪ್ರಮಾಣಪತ್ರವನ್ನು ಸಾಕ್ಷ್ಯದ ಹಂತದಲ್ಲಿ ಹಾಜರುಪಡಿಸಬಹುದು. ಮಂಜೂರಾಗುವ ಹಣಕ್ಕೆ ಬಡ್ಡಿಯೂ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನಿಂದ ಸಿಗುವುದಿಲ್ಲವಾದ್ದರಿಂದ ತಡ ಮಾಡಿದಷ್ಟೂ ನಿಮಗೇ ನಷ್ಟ. ಅಪಘಾತ ನಡೆದ ಸ್ಥಳದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಾದರೂ ಸರಿ, ನೀವು ವಾಸವಿರುವ ಸ್ಥಳದ ನ್ಯಾಯಮಂಡಳಿಯಲ್ಲಾದರೂ ಸರಿ, ಆಯ್ಕೆ ನಿಮ್ಮದು.

ಇನ್ನು ಆ ಮೂವತ್ತೈದು ಪರ್ಸೆಂಟಿನ ಮಾತು. ಇಲ್ಲಿ ನೀವು ಗಟ್ಟಿಯಾಗಿ ನಿಲ್ಲಬೇಕು. ವೈದ್ಯರು ಬರೆಯುವುದು ದೇಹದ ವೈಕಲ್ಯದ ಪ್ರಮಾಣ. ನ್ಯಾಯಮಂಡಳಿ ತೀರ್ಮಾನಿಸಬೇಕಾದದ್ದು ಆ ವೈಕಲ್ಯದಿಂದ ಆ ವ್ಯಕ್ತಿಯ ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದನ್ನು. ಎರಡೂ ಒಂದೇ ಅಲ್ಲ ಎಂದು ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಸ್ಪಷ್ಟಪಡಿಸಿದೆ. ಎಡಗೈ ಕಳೆದುಕೊಂಡ ಬಡಗಿಗೆ ಅಥವಾ ಚಾಲಕನಿಗೆ ದುಡಿಮೆ ಹೆಚ್ಚುಕಡಿಮೆ ಪೂರ್ತಿಯಾಗಿ ಹೋಗಬಹುದು, ಅದೇ ಗಾಯವಾದ ಗುಮಾಸ್ತ ತನ್ನ ಕೆಲಸದಲ್ಲಿ ಮುಂದುವರಿಯಬಹುದು ಎಂಬುದು ಆ ತೀರ್ಪಿನಲ್ಲಿರುವ ಉದಾಹರಣೆ. ಎಣಿಕೆ, ನೆನಪು, ಗಮನ ಇವೇ ನಿಮ್ಮ ಯಜಮಾನರ ಕಸುಬಿನ ಬಂಡವಾಳ. ಅವು ಹೋದ ಮೇಲೆ ಕೈ ಗಟ್ಟಿಯಾಗಿದ್ದು ವೈಂಡಿಂಗ್ ಕೆಲಸಕ್ಕೆ ಏನು ಪ್ರಯೋಜನ?

ಲೆಕ್ಕ ಹಾಕಿ ತೋರಿಸಿದರೆ ವ್ಯತ್ಯಾಸ ತಿಳಿಯುತ್ತದೆ. ತಿಂಗಳ ಆದಾಯ 15,000 ರೂಪಾಯಿ ಎಂದು ಮಾತಿಗೆ ಇಟ್ಟುಕೊಳ್ಳಿ. ಸ್ವಂತ ದುಡಿಮೆಯ, 40 ವರ್ಷದೊಳಗಿನವರಿಗೆ ಮುಂದಿನ ಆದಾಯ ವೃದ್ಧಿಯೆಂದು ಶೇ. 40ನ್ನು ಸೇರಿಸಬೇಕೆಂದು ಪ್ರಣಯ್ ಸೇಠಿ ಪ್ರಕರಣದಲ್ಲಿ 2017ರಲ್ಲಿ ಸಂವಿಧಾನ ಪೀಠ ಹೇಳಿತು. ಕಾಯಂ ವೈಕಲ್ಯವಾದ ಗಾಯಾಳುಗಳಿಗೂ ಆ ಸೇರ್ಪಡೆ ಸಲ್ಲುತ್ತದೆ ಎಂದು 2020ರ ಪಪ್ಪು ದೇವ್ ಯಾದವ್ ತೀರ್ಪು ಹೇಳುತ್ತದೆ. ಅಲ್ಲಿಗೆ 21,000 ಆಯಿತು. 36ರಿಂದ 40ರ ವಯಸ್ಸಿಗೆ ಸರಳಾ ವರ್ಮಾ ತೀರ್ಪಿನ ಕೋಷ್ಟಕದ ಗುಣಕ, ಅಂದರೆ ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕೆಂಬ ಸಂಖ್ಯೆ, 15. ದುಡಿಯುವ ಶಕ್ತಿ ಪೂರ್ತಿ ಹೋಗಿದೆ ಎಂದಾದರೆ ಈ ಒಂದು ಬಾಬ್ತಿಗೇ 37,80,000 ರೂಪಾಯಿ. ಶೇ. 35 ಎಂದಾದರೆ 13,23,000. ಆದ್ದರಿಂದ ಪ್ರಕರಣದ ಜೀವ ಇರುವುದು ನಿಮ್ಮ ಯಜಮಾನರು ಈಗ ಏನು ಮಾಡಲಾರರು ಎಂಬುದನ್ನು ಸಾಕ್ಷಿಸಮೇತ ತೋರಿಸುವುದರಲ್ಲಿ. ಚಿಕಿತ್ಸೆಯ ಖರ್ಚು, ಚಿಕಿತ್ಸೆಯ ಕಾಲದ ಆದಾಯ ನಷ್ಟ, ಮುಂದಿನ ಔಷಧಿ, ನೋವು, ಬದುಕಿನ ಸುಖಸೌಲಭ್ಯಗಳ ನಷ್ಟ, ಇವೆಲ್ಲ ಬೇರೆ ಬಾಬ್ತುಗಳು.

ಜೊತೆಗೊಬ್ಬರು ಸದಾ ಇರಬೇಕಾದ ಸ್ಥಿತಿಯಿದ್ದರೆ ಅದರ ವೆಚ್ಚವನ್ನೂ ಕೇಳಿ. ಕಾಜಲ್ ವಿರುದ್ಧ ಜಗದೀಶ್ ಚಂದ್ ಪ್ರಕರಣದಲ್ಲಿ, ಮೆದುಳಿನ ಗಾಯದಿಂದ ಸಂಪೂರ್ಣ ಪರಾವಲಂಬಿಯಾದ ಬಾಲಕಿಗೆ ಸಹಾಯಕರ ವೆಚ್ಚವನ್ನೂ ಗುಣಕದ ಪದ್ಧತಿಯಲ್ಲೇ ಲೆಕ್ಕ ಹಾಕಿ 21,60,000 ರೂಪಾಯಿಯನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟಿತು. ನಿಮ್ಮ ಯಜಮಾನರ ಸ್ಥಿತಿ ಅಷ್ಟು ತೀವ್ರವಲ್ಲದಿದ್ದರೂ, ಹೆಂಡತಿ ನೋಡಿಕೊಳ್ಳುತ್ತಾಳಲ್ಲ ಎಂಬ ಕಾರಣಕ್ಕೆ ಆ ಬಾಬ್ತನ್ನು ಅರ್ಜಿಯಿಂದಲೇ ಬಿಡಬೇಡಿ. ನೀವು ಬಿಟ್ಟ ಕೂಲಿಗೂ ಬೆಲೆಯಿದೆ.

ಹಿಂದಿನಿಂದ ಹೊಡೆದವರಿಗೆ ಏನೂ ಬರುವುದಿಲ್ಲ ಎಂಬುದು ತಪ್ಪು ಮಾತು. ಬೇರೆಯವರಿಗೆ ಅಪಾಯವಾಗುವಂತೆ ವಾಹನವನ್ನು ರಸ್ತೆಯಲ್ಲಿ ನಿಲ್ಲಿಸುವುದನ್ನು ಕಾಯ್ದೆಯ ಕಲಂ 122 ನಿಷೇಧಿಸುತ್ತದೆ. ನಿಮ್ಮವರದ್ದೂ ಒಂದು ಪಾಲು ತಪ್ಪಿದೆಯೆಂದು ವಿಮಾ ಕಂಪನಿ ವಾದಿಸುತ್ತದೆ, ಹೆಲ್ಮೆಟ್ಟಿನ ವಿಷಯವನ್ನೂ ಎತ್ತುತ್ತದೆ. ಆ ಪಾಲನ್ನು ರುಜುವಾತು ಮಾಡುವ ಹೊಣೆ ಅವರದ್ದು, ಒಪ್ಪಿದರೂ ಆ ಪ್ರಮಾಣದಷ್ಟೇ ಕಡಿತ. ಸ್ಥಳ ಮಹಜರು, ನಕ್ಷೆ, ವಾಹನ ತಪಾಸಣಾ ವರದಿ, ದೋಷಾರೋಪ ಪಟ್ಟಿ ಇವುಗಳ ದೃಢೀಕೃತ ಪ್ರತಿ ಪಡೆಯಿರಿ. ಟ್ರಾಕ್ಟರಿಗೂ ಟ್ರೈಲರಿಗೂ ನೋಂದಣಿ ಮತ್ತು ವಿಮೆ ಬೇರೆ ಬೇರೆ ಇರಬಹುದು. ಎರಡರದ್ದನ್ನೂ ಈಗಲೇ ಪರಿಶೀಲಿಸಿ, ಸಂಬಂಧಪಟ್ಟ ಎಲ್ಲರನ್ನೂ ಪ್ರತಿವಾದಿಗಳನ್ನಾಗಿ ಮಾಡಿ.

ಕೊನೆಯದಾಗಿ, ಅರ್ಜಿಗೆ ಯಾರು ಸಹಿ ಹಾಕಬೇಕೆಂಬುದನ್ನು ವಕೀಲರೊಂದಿಗೆ ಯೋಚಿಸಿ ನಿರ್ಧರಿಸಿ. ಅವರಿಗೆ ವ್ಯವಹಾರ ತಿಳಿಯುವ ಸ್ಥಿತಿ ಇಲ್ಲವೆಂದು ವೈದ್ಯರು ಹೇಳಿದರೆ, ನ್ಯಾಯಮಂಡಳಿಯ ಅನುಮತಿ ಪಡೆದು ನೀವು ಅವರ ಪರವಾಗಿ ಪ್ರಕರಣ ನಡೆಸುವ ಆಪ್ತರಾಗಿ, ಅಂದರೆ ನೆಕ್ಸ್ಟ್ ಫ್ರೆಂಡ್ ಆಗಿ, ಅರ್ಜಿ ಹಾಕಬೇಕು. ಎಲ್ಲ ಕಾಗದಕ್ಕೂ ಅವರಿಂದಲೇ ಸಹಿ ಮಾಡಿಸಿಬಿಟ್ಟು, ಆಮೇಲೆ ಅವರಿಗೆ ತಿಳಿವಳಿಕೆಯೇ ಇಲ್ಲ ಎಂದರೆ ಪಾಟೀಸವಾಲಿನಲ್ಲಿ ಆ ಸಹಿಗಳನ್ನೇ ಮುಂದಿಡುತ್ತಾರೆ.

ಉತ್ತರ: ಕ್ಲಿನಿಕಲ್ ಸೈಕಾಲಜಿಸ್ಟ್, ಮೈಸೂರು

ವಕೀಲರು ಹೇಳಿದ ಆ "ಏನು ಮಾಡಲಾರರು" ಎಂಬುದನ್ನು ಅಳೆಯುವುದೇ ನಮ್ಮ ಕೆಲಸ. ಆದ್ದರಿಂದ ಆ ಭಾಗವನ್ನು ಮಾತ್ರ ಬರೆಯುತ್ತೇನೆ.

ನೀವು ವಿವರಿಸಿದ ಲಕ್ಷಣಗಳು ಒಂದಕ್ಕೊಂದು ಸಂಬಂಧವಿಲ್ಲದವಲ್ಲ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದಾಗ ಕೆಲಸವನ್ನು ಹಂತಹಂತವಾಗಿ ಯೋಜಿಸುವ, ಒಂದು ಎಣಿಕೆಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಮತ್ತು ಸಿಟ್ಟನ್ನು ತಡೆಯುವ ಶಕ್ತಿ ಕುಂದುತ್ತದೆ. ಅವರ ಸಿಡುಕು ಸ್ವಭಾವದ ದೋಷವಲ್ಲ, ಗಾಯದ ಭಾಗ. ಇದನ್ನು ಮಕ್ಕಳಿಗೂ ತಿಳಿಯುವಂತೆ ಹೇಳಿ. ವಾಸನೆ ಹೋಗಿರುವುದೂ ಹಾಗೆಯೇ. ಮೂಗಿನ ಮೇಲ್ಭಾಗದಿಂದ ಮೂಳೆಯ ಸಣ್ಣ ರಂಧ್ರಗಳ ಮೂಲಕ ಮೆದುಳಿಗೆ ಹೋಗುವ ನರದೆಳೆಗಳು ತಲೆಗೆ ಜೋರಾದ ಏಟು ಬಿದ್ದಾಗ ಹರಿದುಹೋಗಬಹುದು. ಬಹಳ ಮನೆಗಳಲ್ಲಿ ಇದನ್ನು ಯಾರಿಗೂ ಹೇಳುವುದೇ ಇಲ್ಲ, ಕೇಸ್ ಶೀಟಿನಲ್ಲೂ ಬರುವುದಿಲ್ಲ. ಆದರೆ ಮೋಟಾರು ಸುಟ್ಟಿದೆಯೇ ಎಂಬುದನ್ನು ವೈಂಡಿಂಗ್ ಮಾಡುವವರು ಮುಚ್ಚಳ ಬಿಚ್ಚುತ್ತಲೇ ವಾರ್ನಿಷಿನ ವಾಸನೆಯಿಂದ ಹೇಳಬಲ್ಲರು ಅಲ್ಲವೇ? ಹಾಗಿದ್ದ ಮೇಲೆ ಇದು ಅವರ ಕಸುಬಿನ ನಷ್ಟ. ಮನೆಯಲ್ಲಿ ಗ್ಯಾಸ್ ಸೋರಿದರೆ ತಿಳಿಯದಿರುವುದು ಜೀವಕ್ಕೇ ಅಪಾಯ. ಕಿವಿ, ಮೂಗು, ಗಂಟಲು ತಜ್ಞರಿಂದ ಪರೀಕ್ಷೆ ಮಾಡಿಸಿ ಬರೆಸಿಕೊಳ್ಳಿ.

ನರಮನೋವೈಜ್ಞಾನಿಕ ಪರೀಕ್ಷೆ ಎಂಬುದೊಂದಿದೆ. ಗಮನ, ನೆನಪು, ಯೋಚನೆಯ ವೇಗ, ಯೋಜನಾ ಶಕ್ತಿ ಇವನ್ನು ಒಂದೊಂದಾಗಿ ಅಳೆದು, ಅದೇ ವಯಸ್ಸಿನ, ಅದೇ ಮಟ್ಟದ ಓದಿನ ಆರೋಗ್ಯವಂತರೊಂದಿಗೆ ಹೋಲಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ಜನರಿಗೆ ಹೊಂದುವಂಥ ಪರೀಕ್ಷಾ ಸಮೂಹವನ್ನೇ ರೂಪಿಸಿದೆ. ಸ್ಕ್ಯಾನಿನಲ್ಲಿ ಹೆಪ್ಪು ಕರಗಿದೆ ಎಂದು ಬಂದ ಮಾತ್ರಕ್ಕೆ ಮೆದುಳು ಮೊದಲಿನಂತಾಯಿತು ಎಂದರ್ಥವಲ್ಲ. ನರತಂತುಗಳ ಸೂಕ್ಷ್ಮ ಹಾನಿ ಸಿಟಿ ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಎಂಆರ್‌ಐ ಅದಕ್ಕಿಂತ ಹೆಚ್ಚು ತೋರಿಸುತ್ತದೆ. ಈಗೊಮ್ಮೆ ಪರೀಕ್ಷೆ ಮಾಡಿಸಿ, ವರ್ಷ ತುಂಬುವಾಗ ಇನ್ನೊಮ್ಮೆ ಮಾಡಿಸಿ. ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುವುದರಿಂದ ಬೇಗ ಬರೆದ ಪ್ರಮಾಣಪತ್ರ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟಾಗ ಉಳಿದ ಕೊರತೆ ಯಾವುದು ಎಂಬುದು ಸ್ಪಷ್ಟವಾಗುತ್ತದೆ.

ಮಾತು ತಡವರಿಸುವುದು ಇನ್ನೂ ಇದ್ದರೆ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆತನ್ನಿ. 1965ರಿಂದ ಇರುವ ಈ ಕೇಂದ್ರ ಸರ್ಕಾರಿ ಸಂಸ್ಥೆಯಲ್ಲಿ ಮಿದುಳಿನ ಗಾಯದಿಂದ ಬರುವ ಭಾಷಾ ತೊಂದರೆಯನ್ನು ಕನ್ನಡದಲ್ಲೇ ಪರೀಕ್ಷಿಸಿ ಚಿಕಿತ್ಸೆ ಕೊಡುತ್ತಾರೆ. ಮಂಡ್ಯದಿಂದ ಒಂದು ಗಂಟೆಯ ದಾರಿಯಲ್ಲಿ ಇಂಥ ಜಾಗ ಇರುವುದು ನಮ್ಮ ಭಾಗದವರ ಭಾಗ್ಯ. ಕೋರ್ಟಿನ ದಾಖಲೆಗಾಗಿ ಅಲ್ಲದಿದ್ದರೂ ಅವರ ಮಾತಿಗಾಗಿ ಹೋಗಿ.

ಉತ್ತರ: ನಂಜನಗೂಡು ತಾಲ್ಲೂಕಿನ ಒಬ್ಬ ತಂದೆ

ತಾಯಿ, ನನ್ನ ಮಗನಿಗೂ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಪ್ರಕರಣ ನಡೆಸಿದ್ದೇವೆ. ಕಾನೂನನ್ನು ವಕೀಲರು ಹೇಳಿದ್ದಾರೆ. ಕೋರ್ಟಿನೊಳಗೆ ಕಂಡದ್ದೊಂದನ್ನು ನಾನು ಹೇಳುತ್ತೇನೆ.

ಸಾಕ್ಷಿ ಹೇಳುವ ದಿನ ಮಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಕಟಕಟೆಯಲ್ಲಿ ನಿಂತಿದ್ದ. ವಿಮಾ ಕಂಪನಿಯ ವಕೀಲರು ಹೆಸರೇನು, ಊರು ಯಾವುದು, ಇಂದು ಯಾವ ವಾರ, ಬೆಳಿಗ್ಗೆ ಏನು ತಿಂಡಿ ಎಂದು ಕೇಳಿದರು. ಎಲ್ಲಕ್ಕೂ ಸರಿಯಾದ ಉತ್ತರ ಕೊಟ್ಟ. ಅಷ್ಟನ್ನೇ ಕೇಳಿದ್ದರೆ ಯಾರಿಗಾದರೂ ಹುಡುಗ ನೆಟ್ಟಗಿದ್ದಾನೆ ಎನಿಸುತ್ತಿತ್ತು. ನಮ್ಮ ಪ್ರಕರಣವನ್ನು ಉಳಿಸಿದ್ದು ಅವನೊಡನೆ ಕೆಲಸ ಮಾಡಿದವರ ಸಾಕ್ಷ್ಯ. ಮೊದಲು ಹೇಗಿದ್ದ, ವಾಪಸು ಕೆಲಸಕ್ಕೆ ಕರೆದಾಗ ಏನಾಯಿತು ಎಂಬುದನ್ನು ಅವರು ಬಂದು ಹೇಳಿದರು. ಚಿಕಿತ್ಸೆ ಕೊಟ್ಟ ನರರೋಗ ತಜ್ಞರೂ ಬಂದು ಸಾಕ್ಷಿ ನುಡಿದರು. ಚಿಕಿತ್ಸೆಯನ್ನೇ ಕೊಡದ ವೈದ್ಯರಿಂದ ದುಡ್ಡು ಕೊಟ್ಟು ಬರೆಸಿದ ಪ್ರಮಾಣಪತ್ರಗಳನ್ನು ನ್ಯಾಯಾಧೀಶರು ನಂಬುವುದಿಲ್ಲ, ಅಂಥದ್ದನ್ನು ಮಾಡಿಸಿಕೊಡುತ್ತೇವೆ ಎಂದು ಬರುವವರನ್ನು ಬಾಗಿಲಿಂದಲೇ ಕಳಿಸಿ.

ನಿಮ್ಮ ಯಜಮಾನರ ಹತ್ತಿರ ಮೋಟಾರು ಕಟ್ಟಿಸಿಕೊಂಡ ರೈತರು ಇರುತ್ತಾರಲ್ಲ, ಅವರಲ್ಲಿ ಇಬ್ಬರನ್ನು ಕೇಳಿನೋಡಿ. ತಂತಿ ಕೊಂಡ ಬಿಲ್ಲು, ಫೋನ್‌ಪೇಯಲ್ಲಿ ಬಂದ ಹಣ, ಅಂಗಡಿ ಬಾಡಿಗೆ ಕರಾರು, ಅವರು ಬರೆದಿಟ್ಟ ಆ ವೈಂಡಿಂಗ್ ಪುಸ್ತಕ, ಯಾವುದನ್ನೂ ಕಳೆಯಬೇಡಿ. ದಿನಾಂಕ ಹಾಕಿ ನಿತ್ಯ ನಾಲ್ಕು ಸಾಲು ಬರೆದಿಡಿ: ಎಷ್ಟು ಹೊತ್ತಿಗೆ ಸಿಟ್ಟು ಬಂತು, ಏನು ಮರೆತರು, ಮೂರ್ಛೆಯಂಥದ್ದು ಏನಾದರೂ ಆಯಿತೇ ಎಂದು. ಆಮೇಲೆ ನೆನಪಿನಿಂದ ಹೇಳುವುದಕ್ಕೂ ಅಂದಂದೇ ಬರೆದದ್ದಕ್ಕೂ ಬಹಳ ಅಂತರವಿದೆ.

ಮತ್ತೆ ಪ್ರಶ್ನೆ: ಪಾಂಡವಪುರ ಕಡೆಯ ಗೃಹಿಣಿ

ಸರ್, ಎಲ್ಲರಿಗೂ ಕೃತಜ್ಞತೆಗಳು. ವಾಸನೆಯ ವಿಷಯವನ್ನು ನಾನು ಯಾವ ವೈದ್ಯರಿಗೂ ಹೇಳಿರಲಿಲ್ಲ, ಅದೂ ಪೆಟ್ಟಿನಿಂದಲೇ ಎಂದು ಗೊತ್ತೇ ಇರಲಿಲ್ಲ. ಇನ್ನೆರಡು ಸಂಕಟ ಉಳಿದಿವೆ. ಟ್ರಾಕ್ಟರ್ ಮಾಲೀಕರು ಪಕ್ಕದ ಊರಿನವರೇ. ಅವರ ಮನೆ ಹಾಳು ಮಾಡುವುದು ಬೇಡ, ಮೂರು ಲಕ್ಷ ಕೊಡಿಸುತ್ತೇವೆ, ಛಾಪಾ ಕಾಗದದ ಮೇಲೆ ರಾಜಿ ಬರೆದುಕೊಡಿ ಎಂದು ಎರಡೂ ಊರಿನ ಹಿರಿಯರು ಕುಳಿತು ಹೇಳುತ್ತಿದ್ದಾರೆ. ಇನ್ನೊಂದು ಕಡೆ, ಕೇಸೇ ಇಲ್ಲದೆ ವಿಮೆಯವರಿಂದ ಎರಡೂವರೆ ಲಕ್ಷ ಬೇಗ ಬರುವ ದಾರಿಯಿದೆ ಎಂದು ಒಬ್ಬರು ಬಂದು ಹೋದರು. ಆಸ್ಪತ್ರೆ ಸಾಲಕ್ಕೆ ಒಡವೆ ಅಡವಿಟ್ಟಿದ್ದೇನೆ. ಕೈಯಲ್ಲಿ ಹಣವಿಲ್ಲದೆ ವಕೀಲರ ಹತ್ತಿರ ಹೇಗೆ ಹೋಗುವುದು?

ಉತ್ತರ: ವಕೀಲರು, ಮೈಸೂರು

ಅಮ್ಮ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಇದನ್ನು ಊರಿನ ಹಿರಿಯರ ಮೇಲಿನ ಅಗೌರವದಿಂದ ಹೇಳುತ್ತಿಲ್ಲ. ವಾಹನಕ್ಕೆ ಚಾಲ್ತಿಯ ವಿಮೆಯಿದ್ದು ಷರತ್ತುಗಳು ಉಲ್ಲಂಘನೆಯಾಗಿರದಿದ್ದರೆ ಹಣ ಕೊಡಬೇಕಾದದ್ದು ವಿಮಾ ಕಂಪನಿ. ಮಾಲೀಕರ ಮನೆಯಿಂದ ಏನೂ ಹೋಗುವುದಿಲ್ಲ. ಅವರು ವರ್ಷವರ್ಷವೂ ಪ್ರೀಮಿಯಂ ಕಟ್ಟಿರುವುದು ಇದಕ್ಕಾಗಿಯೇ. ಹಿರಿಯರಿಗೆ ಈ ಮಾತನ್ನು ತಿಳಿಸಿ ಹೇಳಿ, ಬಹುತೇಕರು ಒಪ್ಪುತ್ತಾರೆ. ವಿಮೆಯ ಷರತ್ತು ಮುರಿದಿದ್ದರೂ ಮೊದಲು ಗಾಯಾಳುವಿಗೆ ಕೊಟ್ಟು ನಂತರ ಮಾಲೀಕರಿಂದ ವಸೂಲಿ ಮಾಡಿಕೊಳ್ಳಿ ಎಂದು ಕಂಪನಿಗೆ ಆದೇಶಿಸಿದ ಪ್ರಕರಣಗಳು ಎಷ್ಟೋ ಇವೆ.

ಎರಡೂವರೆ ಲಕ್ಷ ಎಂದರೆ ಕಲಂ 164ರದ್ದು. ತಪ್ಪು ಯಾರದೆಂದು ರುಜುವಾತು ಮಾಡದೆಯೇ ತೀವ್ರ ಗಾಯಕ್ಕೆ ಸಿಗುವ ನಿಗದಿತ ಮೊತ್ತ ಅದು. ಬಂದವರು ಹೇಳದೇ ಬಿಟ್ಟ ಮಾತೊಂದಿದೆ: ವಿಮಾ ಕಂಪನಿಯೊಂದಿಗೆ ಇತ್ಯರ್ಥ ಮಾಡಿಕೊಳ್ಳುವ ಕಲಂ 149ರ ವಿಧಾನದಲ್ಲಿ ಆ ಮೊತ್ತವನ್ನು ಒಪ್ಪಿ ಪಡೆದರೆ ಕಲಂ 166ರ ಅರ್ಜಿ ರದ್ದಾಗುತ್ತದೆ. ಲೋಕ ಅದಾಲತ್ತಿನ ರಾಜಿಯೂ ಹಾಗೆಯೇ ಅಂತಿಮ, ಅದರ ಮೇಲೆ ಮೇಲ್ಮನವಿ ಇಲ್ಲ. ಲೋಕ ಅದಾಲತ್ ಕೆಟ್ಟದ್ದೆಂದು ಹೇಳುತ್ತಿಲ್ಲ, ಎಷ್ಟೋ ಕುಟುಂಬಗಳಿಗೆ ಬೇಗ ಹಣ ಕೊಡಿಸಿದೆ. ಆದರೆ ಮೆದುಳಿನ ಗಾಯದಲ್ಲಿ ಮೂರ್ಛೆರೋಗ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಕಾಣಿಸಿಕೊಳ್ಳಬಹುದು. ಎರಡನೆಯ ಪರೀಕ್ಷೆಯ ವರದಿ ಕೈಗೆ ಬರುವ ಮುನ್ನ ರಾಜಿಗೆ ಕುಳಿತರೆ, ಏನನ್ನು ಬಿಟ್ಟುಕೊಡುತ್ತಿದ್ದೇವೆಂಬುದೇ ತಿಳಿಯದೆ ಬಿಟ್ಟುಕೊಟ್ಟಂತಾಗುತ್ತದೆ.

ವಕೀಲರ ಖರ್ಚಿನ ವಿಷಯಕ್ಕೆ ಮಂಡ್ಯ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೂ ಅಂಗವಿಕಲರಿಗೂ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯ ಕಲಂ 12ರಂತೆ ಉಚಿತ ವಕೀಲರ ನೆರವಿಗೆ ಹಕ್ಕಿದೆ. ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ನಮಗೆ ಎಂದು ಆಸ್ಪತ್ರೆಯ ಬಾಗಿಲಲ್ಲೇ ಮಾತಾಡುವವರಿಂದ ದೂರವಿರಿ. ಹಾಗೆ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ, ನಮ್ಮ ವೃತ್ತಿಯವರು ಅದನ್ನು ಮಾಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಬೈಕಿನ ವಿಮಾ ಪಾಲಿಸಿ ತೆಗೆದು, ಮಾಲೀಕ ಚಾಲಕರ ವೈಯಕ್ತಿಕ ಅಪಘಾತ ವಿಮೆ ಎಂಬ ಸಾಲಿದೆಯೇ ನೋಡಿ. ಬೈಕು ನಿಮ್ಮ ಯಜಮಾನರ ಹೆಸರಿನಲ್ಲಿದ್ದು, ಚಾಲನಾ ಪರವಾನಗಿ ಇದ್ದು, ಆ ಪ್ರೀಮಿಯಂ ಕಟ್ಟಿದ್ದರೆ 15 ಲಕ್ಷದವರೆಗಿನ ರಕ್ಷಣೆ ಅದು. ಸಾವು ಮತ್ತು ಸಂಪೂರ್ಣ ಶಾಶ್ವತ ವೈಕಲ್ಯದಂಥ ತೀವ್ರ ಸ್ಥಿತಿಗಳಿಗೆ ಮಾತ್ರ ಸಲ್ಲುತ್ತದೆಯಾದ್ದರಿಂದ ನಿಮಗೆ ಸಿಕ್ಕೇ ಸಿಗುತ್ತದೆ ಎನ್ನಲಾರೆ. ಆದರೂ ಅಪಘಾತವಾಗಿದೆಯೆಂದು ಆ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆದಿಡಿ.

ಮೊದಲ ಆಸ್ಪತ್ರೆಯ ಗಾಯದ ಪ್ರಮಾಣಪತ್ರದಲ್ಲಿ ಹಣೆಯ ಗಾಯ ಮಾತ್ರ ಇದ್ದು "ಸಾದಾ ಗಾಯ" ಎಂದಿರುವ ಸಾಧ್ಯತೆಯಿದೆ. ಮೈಸೂರಿನ ಆಸ್ಪತ್ರೆಯಿಂದ ಪೂರ್ತಿ ಕೇಸ್ ಶೀಟ್, ಸ್ಕ್ಯಾನ್ ವರದಿ ಮತ್ತು ಫಿಲ್ಮುಗಳನ್ನು ಅರ್ಜಿ ಕೊಟ್ಟು ಪಡೆದು, ತನಿಖಾಧಿಕಾರಿಗೆ ಲಿಖಿತವಾಗಿ ಸಲ್ಲಿಸಿ. ದೋಷಾರೋಪ ಪಟ್ಟಿ ಹೋಗುವ ಮುನ್ನ ತೀವ್ರ ಗಾಯ ಎಂದು ತಿದ್ದುಪಡಿಯಾಗಬೇಕು. ಕಾಗದಗಳು ಒಟ್ಟಾದ ಮೇಲೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುವಾಗ ಎಫ್‌ಐಆರ್, ಡಿಸ್ಚಾರ್ಜ್ ಸಮ್ಮರಿ, ಇಬ್ಬರ ಆಧಾರ್ ಪ್ರತಿ ಇವಿಷ್ಟು ಜೊತೆಯಲ್ಲಿರಲಿ. ಅರ್ಜಿಗೆ ನಂಬರು ಬಿದ್ದ ಮೇಲೆ ಇಲ್ಲಿ ತಿಳಿಸಿ, ಸಾಕ್ಷ್ಯದ ಹಂತಕ್ಕೆ ಬೇಕಾದದ್ದನ್ನು ಆಗ ಬರೆಯುತ್ತೇನೆ.